ಮಗುವಿಗೆ ನೋವು: ಗುರುತಿಸುವುದು, ಅಳೆಯುವುದು, ತಗ್ಗಿಸುವುದು ಹೇಗೆ? ಹಂತ ಹಂತವಾಗಿ

ಪದೇ ಪದೇ ‘ಹೊಟ್ಟೆನೋವು’ ಅನ್ನುವ ಮಗು ನಿಮ್ಮ ಮನೆಯಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ವೈದ್ಯರಾಗಿದ್ದ ಜಾನ್ ಆಪ್ಲಿ 1950ರ ದಶಕದಲ್ಲಿ ಒಂದು ಸಾವಿರ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಸುಮಾರು ಹತ್ತರಲ್ಲಿ ಒಬ್ಬರಿಗೆ ಹೊಟ್ಟೆನೋವು ಮತ್ತೆ ಮತ್ತೆ ಬರುತ್ತಿತ್ತು. ಅವರಲ್ಲಿ ಹೆಚ್ಚಿನವರಿಗೆ ಹೊಟ್ಟೆಯೊಳಗೆ ಯಾವ ಕಾಯಿಲೆಯೂ ಕಾಣಲಿಲ್ಲ. ಆದರೂ ಆ ಮಕ್ಕಳು ನೋವು ತಿನ್ನುತ್ತಿದ್ದದ್ದು ನಿಜ.

ಅಪ್ಪ ಅಮ್ಮಂದಿರು ಕಂಗಾಲಾಗುವುದು ಇಲ್ಲೇ. ಇದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ನೋವೋ, ಮನೆಯಲ್ಲೇ ನೋಡಿಕೊಳ್ಳಬಹುದಾದ ನೋವೋ? ಭಯಪಡಬೇಡಿ. ಕೆಳಗಿನ ಹಂತಗಳನ್ನು ಒಂದೊಂದಾಗಿ ಮಾಡುತ್ತಾ ಹೋಗಿ. ನಡುವೆ ಯಾವುದನ್ನೂ ಬಿಡಬೇಡಿ, ಮುಖ್ಯವಾಗಿ ಎರಡನೆಯದನ್ನು.

ಮೊದಲು ಇಷ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಒಂದು ನೋಟ್‌ಬುಕ್, ಪೆನ್, ಥರ್ಮಾಮೀಟರ್, ಮೆಡಿಕಲ್ ಶಾಪಿನಲ್ಲಿ ಸಿಗುವ 5 ಎಂಎಲ್‌ನ ಸೂಜಿಯಿಲ್ಲದ ಸಿರಿಂಜ್. ಮಗುವಿನ ಈಗಿನ ತೂಕ ಗೊತ್ತಿರಬೇಕು. ಹೋದ ವರ್ಷದ ತೂಕ ಸಾಲದು. ಇವತ್ತೇ ತೂಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.

ಹಂತ 1: ಮಗು ಹೇಳಿದ್ದನ್ನು ನಂಬಿ

‘ನೋಯ್ತಿದೆಯಾ ಪುಟ್ಟಾ? ಎಲ್ಲಿ, ತೋರಿಸು’ ಎಂದು ಕೇಳಿ. ಅಷ್ಟೇ ಸಾಕು. ‘ಈಗ ತಾನೇ ಆಡ್ತಿದ್ದೆಯಲ್ಲ’, ‘ಸ್ಕೂಲಿಗೆ ಚಕ್ಕರ್ ಹಾಕೋಕೆ ನಾಟಕ’ ಎಂಬ ಮಾತು ಬಾಯಿಗೆ ಬಂದರೂ ತಡೆದುಕೊಳ್ಳಿ. ಆಟದಲ್ಲಿ ಮುಳುಗಿದ ಮಗು ನೋವನ್ನು ಮರೆಯಬಲ್ಲದು. ಹಾಗೆಂದು ನೋವು ಸುಳ್ಳಾಗುವುದಿಲ್ಲ.

ಮಕ್ಕಳ ನೋವನ್ನು ನಂಬಲು ವೈದ್ಯಲೋಕವೂ ತಡಮಾಡಿತು. 1980ರ ದಶಕದವರೆಗೆ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ಹಸುಗೂಸುಗಳಿಗೆ ತೀರಾ ಕಡಿಮೆ ಅರಿವಳಿಕೆ ಕೊಟ್ಟು ಆಪರೇಶನ್ ಮಾಡುತ್ತಿದ್ದರು. ಎಳೆಯ ಮಗುವಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದು ನಂಬಿದ್ದರು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್ಜೀತ್ ಆನಂದ್ ಎಂಬ ವೈದ್ಯರು ಆ ನಂಬಿಕೆಯನ್ನು ಪ್ರಶ್ನಿಸಿದರು. ಸರಿಯಾಗಿ ನೋವು ತಡೆದು ಆಪರೇಶನ್ ಮಾಡಿದ ಶಿಶುಗಳ ದೇಹ ಎಷ್ಟೋ ಕಡಿಮೆ ನಲುಗುತ್ತದೆ ಎಂದು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದರು. ಅಲ್ಲಿಂದಾಚೆಗೆ ಪದ್ಧತಿ ಬದಲಾಗತೊಡಗಿತು. ಮಾತು ಬಾರದ ಕೂಸಿನ ನೋವೇ ನಿಜವಾದ ಮೇಲೆ, ಬಾಯಿಬಿಟ್ಟು ಹೇಳುವ ಮಗುವನ್ನು ಅನುಮಾನಿಸುವುದು ಯಾಕೆ?

ಹಂತ 2: ಅಪಾಯದ ಗುರುತು ಇದೆಯೇ ನೋಡಿ

ಈ ಹಂತಕ್ಕೆ ಐದು ನಿಮಿಷ ಸಾಕು. ಕೆಳಗಿನವುಗಳಲ್ಲಿ ಒಂದೇ ಒಂದು ಇದ್ದರೂ ಉಳಿದ ಹಂತಗಳನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

- ಹೊಟ್ಟೆನೋವಿನ ಜೊತೆ ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಅಥವಾ ಹಲಗೆಯಂತೆ ಬಿಗಿದ ಹೊಟ್ಟೆ.
- ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದ ನೋವು. ಮಗು ಬಗ್ಗಿಕೊಂಡು ನಡೆಯುತ್ತದೆ, ಜಿಗಿ ಎಂದರೆ ಜಿಗಿಯಲಾರದು. ಅಪೆಂಡಿಸೈಟಿಸ್ ಇರಬಹುದು.
- ಎರಡು ವರ್ಷದೊಳಗಿನ ಕೂಸು ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಚೀರುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಚೀರುತ್ತದೆ; ನಡುನಡುವೆ ಬಿಳಿಚಿಕೊಳ್ಳುತ್ತದೆ. ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು.
- ತಲೆನೋವಿನ ಜೊತೆ ಕತ್ತು ಸೆಟೆದುಕೊಂಡಿದೆ, ಅಥವಾ ಬೆಳಗಿನ ಹೊತ್ತು ತಲೆನೋವಿನೊಂದಿಗೆ ವಾಂತಿ, ಕಣ್ಣು ಮಂಜು, ನಡಿಗೆಯಲ್ಲಿ ತೂರಾಟ.
- ಜ್ವರ ಬಂದು ಕಾಲೂರಲು ಆಗುತ್ತಿಲ್ಲ, ಅಥವಾ ಕೀಲು ಕೆಂಪಾಗಿ ಊದಿದೆ.
- ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ.

ಗಂಡುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹನ್ನೆರಡು, ಹದಿನಾಲ್ಕರ ಹುಡುಗ ‘ಕೆಳಹೊಟ್ಟೆ ನೋವು’ ಎನ್ನುತ್ತಾನೆ. ನಿಜಕ್ಕೂ ನೋಯುತ್ತಿರುವುದು ವೃಷಣ. ಹೇಳಲು ನಾಚಿಕೆ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಇರುವುದು ಸುಮಾರು ಆರು ಗಂಟೆ ಮಾತ್ರ. ಆದ್ದರಿಂದ ಅಪ್ಪನೋ ಮಾವನೋ ಅವನನ್ನು ಪಕ್ಕಕ್ಕೆ ಕರೆದು ‘ಕೆಳಗೆ ನೋವು, ಊತ ಏನಾದ್ರೂ ಇದೆಯೇನೋ?’ ಎಂದು ನೇರವಾಗಿ ಕೇಳಿ. ಹೌದು ಎಂದರೆ ಮಧ್ಯರಾತ್ರಿಯಾದರೂ ಸರಿ, ಹೊರಡಿ. ‘ಬೆಳಿಗ್ಗೆ ನೋಡೋಣ’ ಎನ್ನಬೇಡಿ.

ಹಂತ 3: ಒಂದೇ ಬೆರಳಿನಿಂದ ಜಾಗ ತೋರಿಸಲು ಹೇಳಿ

ಅಪಾಯದ ಗುರುತು ಇಲ್ಲವೇ? ನಿಧಾನವಾಗಿ ಉಸಿರು ಬಿಡಿ. ಈಗ ಮಗುವನ್ನು ಮಲಗಿಸಿ ‘ಒಂದು ಬೆರಳಿಟ್ಟು ತೋರಿಸು’ ಎನ್ನಿ. ನೀವೇ ‘ಇಲ್ಲಾ? ಇಲ್ಲಾ?’ ಎಂದು ಒತ್ತುತ್ತಾ ಹೋಗಬೇಡಿ. ಪುಟ್ಟ ಮಕ್ಕಳು ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಇಡೀ ಅಂಗೈಯನ್ನು ಹೊಕ್ಕುಳ ಮೇಲೆ ಸುತ್ತಾಡಿಸಿದರೆ ಒಂದು ಅರ್ಥ, ಹೊಕ್ಕುಳಿನಿಂದ ದೂರ ಒಂದು ಕಡೆ ಖಚಿತವಾಗಿ ಬೆರಳಿಟ್ಟರೆ ಬೇರೆ ಅರ್ಥ. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಒಳಗೆ ಕಾಯಿಲೆ ಇರುವ ಸಾಧ್ಯತೆ ಹೆಚ್ಚು ಎಂಬ ಸೂತ್ರವೂ ಆಪ್ಲಿಯವರ ಹೆಸರಲ್ಲೇ ಇದೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಶುರುವಿನಲ್ಲಿ ಅಪೆಂಡಿಸೈಟಿಸ್ ಕೂಡ ಹೊಕ್ಕುಳ ಬಳಿಯೇ ನೋಯುತ್ತದೆ. ಅದಕ್ಕೇ ಎರಡು ಮೂರು ಗಂಟೆ ಬಿಟ್ಟು ಮತ್ತೊಮ್ಮೆ ಬೆರಳಿಟ್ಟು ತೋರಿಸಲು ಹೇಳಿ.

ಕಾಲುನೋವಾದರೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಎರಡೂ ಕಾಲು ನೋಯುತ್ತವೆಯೇ? ಬೆಳಿಗ್ಗೆ ಎದ್ದಾಗ ಮಗು ಆರಾಮಾಗಿ ಓಡಾಡುತ್ತದೆಯೇ? ಸಂಜೆ ಅಥವಾ ರಾತ್ರಿ ಎರಡೂ ಕಾಲಿಗೆ ನೋವು ಬಂದು, ನೀವಿದರೆ ಕಡಿಮೆಯಾಗಿ, ಬೆಳಿಗ್ಗೆ ಏನೂ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ‘ಗ್ರೋಯಿಂಗ್ ಪೇನ್’. ಒಂದೇ ಕಾಲು, ಕುಂಟುವುದು, ಬೆಳಿಗ್ಗೆ ಕೀಲು ಹಿಡಿದುಕೊಳ್ಳುವುದು, ಮೈ ಬಿಳಿಚಿಕೊಂಡು ಅಲ್ಲಲ್ಲಿ ನೀಲಿಗಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ.

ಹಂತ 4: ನೋವಿಗೆ ಅಂಕಿ ಕೊಡಿ

‘ತುಂಬಾ ನೋವು’ ಎಂದರೆ ಎಷ್ಟು? ಅಂಕಿ ಇದ್ದರೆ ಒಂದು ಗಂಟೆಯ ನಂತರ ಇಳಿದಿದೆಯೋ ಏರಿದೆಯೋ ಗೊತ್ತಾಗುತ್ತದೆ. ವಯಸ್ಸಿಗೆ ತಕ್ಕ ವಿಧಾನ ಬಳಸಿ.

*ಮಾತು ಸರಿಯಾಗಿ ಬಾರದ ಮಗು:* ‘ಫ್ಲ್ಯಾಕ್ ಸ್ಕೇಲ್’ ಎಂಬುದನ್ನು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಬಳಸುತ್ತಾರೆ. ನೀವೂ ಬಳಸಬಹುದು. ನೋಡಬೇಕಾದದ್ದು ಐದು: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ. ಪ್ರತಿಯೊಂದಕ್ಕೂ 0, 1 ಅಥವಾ 2. ಒಂದೂವರೆ ವರ್ಷದ ಒಂದು ಮಗುವನ್ನು ಲೆಕ್ಕ ಹಾಕೋಣ. ಆಗಾಗ ಮುಖ ಕಿವುಚುತ್ತದೆ: 1. ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡಿದೆ: 2. ಅತ್ತಿತ್ತ ಹೊರಳುತ್ತದೆ: 1. ಜೋರಾಗಿ ಅಳದೆ ನರಳುತ್ತದೆ: 1. ಎತ್ತಿಕೊಂಡು ತಟ್ಟಿದರೆ ಸಮಾಧಾನವಾಗುತ್ತದೆ: 1. ಒಟ್ಟು 6. ಮೂರರವರೆಗೆ ಸಣ್ಣ ನೋವು, ನಾಲ್ಕರಿಂದ ಆರು ಮಧ್ಯಮ, ಏಳು ಅಥವಾ ಹೆಚ್ಚಾದರೆ ತೀವ್ರ.

*ನಾಲ್ಕು ವರ್ಷದಿಂದ ಮೇಲೆ:* ಕಾಗದದ ಮೇಲೆ ಸಾಲಾಗಿ ಆರು ಮುಖ ಬರೆಯಿರಿ. ಎಡಗಡೆಯದು ಏನೂ ನೋವಿಲ್ಲದ ಮುಖ, ಬಲಗಡೆಯದು ಅತಿ ಹೆಚ್ಚು ನೋವಿನದು. ಎಡದಿಂದ 0, 2, 4, 6, 8, 10. ಇಲ್ಲಿ ಹೊಸಬರು ಎಡವುವುದುಂಟು: ಮೊದಲ ಮುಖಕ್ಕೆ ನಗು, ಕೊನೆಯದಕ್ಕೆ ಕಣ್ಣೀರು ಬರೆದುಬಿಡುತ್ತಾರೆ. ಆಗ ಮಗು ನೋವಿನ ಬದಲು ಬೇಸರವನ್ನು ತೋರಿಸುತ್ತದೆ. ನಗು ಬೇಡ, ಕಣ್ಣೀರೂ ಬೇಡ. ಹುಬ್ಬು, ಕಣ್ಣು, ಬಾಯಿ ಬಿಗಿಯುತ್ತಾ ಹೋಗಲಿ. ‘ನಿನಗೆ ಒಳಗೆ ಎಷ್ಟು ನೋಯ್ತಿದೆ, ಆ ಮುಖ ತೋರಿಸು’ ಎಂದು ಕೇಳಿ.

*ಎಂಟು ವರ್ಷದಿಂದ ಮೇಲೆ:* 0ಯಿಂದ 10ರೊಳಗೆ ಅಂಕಿ ಕೇಳಿದರೆ ಸಾಕು. 9 ಎಂದ ಹುಡುಗಿ ಮೊಬೈಲ್ ನೋಡುತ್ತಾ ಕೂತಿದ್ದರೂ ವಾದ ಮಾಡದೆ 9 ಎಂದೇ ಬರೆಯಿರಿ. ಪಕ್ಕದಲ್ಲಿ ‘ಮೊಬೈಲ್ ನೋಡುತ್ತಿದ್ದಳು’ ಎಂದೂ ಬರೆಯಿರಿ. ಎರಡೂ ಡಾಕ್ಟರಿಗೆ ಬೇಕಾದ ಮಾಹಿತಿಯೇ.

ಹಂತ 5: ಮೊದಲು ಔಷಧಿಯಿಲ್ಲದ ಆರೈಕೆ ಮಾಡಿ

ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಯ ಮೇಲಿಡಿ. ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ಬಿಸಿ ನೋಡಿ. ಪಕ್ಕದಲ್ಲಿ ಕೂತು ಸೋಪಿನ ಗುಳ್ಳೆ ಊದಿಸಿ, ಕಥೆ ಹೇಳಿ. ದೊಡ್ಡ ಮಕ್ಕಳಿಗೆ ನಿಧಾನವಾಗಿ ಮೂಗಿನಿಂದ ಉಸಿರೆಳೆದು ಬಾಯಿಂದ ಬಿಡಲು ಹೇಳಿ; ನೀವೂ ಜೊತೆಗೆ ಮಾಡಿ. ಗಮನ ಬೇರೆಡೆ ಹೋದಾಗ ಮಿದುಳು ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಇದು ಸುಮ್ಮನೆ ಸಮಾಧಾನದ ಮಾತಲ್ಲ.

ಹೊಟ್ಟೆಗೆ ಇಂಗಿನ ನೀರು ಸವರುವುದರಿಂದ ಹಾನಿಯೇನಿಲ್ಲ. ಆದರೆ ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಹರಳೆಣ್ಣೆ ಕುಡಿಸಬೇಡಿ. ಅಪೆಂಡಿಸೈಟಿಸ್ ಆಗಿದ್ದರೆ ಭೇದಿಯ ಔಷಧಿ ಅಪಾಯ ತರಬಹುದು. ಕೂಸಿನ ಹೊಟ್ಟೆಗೆ ಬರೆ ಹಾಕಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಮನೆಯ ಹಿರಿಯರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ. ಅದು ಗಾಯ, ಸೋಂಕು ತರುತ್ತದೆ, ನೋವಿನ ಮೇಲೆ ನೋವು.

ಹಂತ 6: ಬೇಕಾದರೆ ಪ್ಯಾರಸಿಟಮಾಲ್, ತೂಕ ನೋಡಿ

ಅಂಕಿ 4 ಅಥವಾ ಹೆಚ್ಚಿದ್ದು, ಮಗುವಿಗೆ ಮೂರು ತಿಂಗಳು ತುಂಬಿದ್ದರೆ ಪ್ಯಾರಸಿಟಮಾಲ್ ಕೊಡಬಹುದು. ಮಗುವಿಗೆ ಲಿವರ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ‘ಮಾತ್ರೆ ಕೊಟ್ಟರೆ ಡಾಕ್ಟರಿಗೆ ಕಾಯಿಲೆ ಗೊತ್ತಾಗಲ್ಲ’ ಎಂಬ ಹಳೆಯ ಹೆದರಿಕೆ ಬೇಡ. ನೋವು ತಗ್ಗಿಸಿದ ಮಾತ್ರಕ್ಕೆ ಕಾಯಿಲೆ ಮರೆಯಾಗುವುದಿಲ್ಲ. ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಹೇಳಿದರೆ ಆಯಿತು.

ಲೆಕ್ಕ ಹೀಗೆ. ಒಂದು ಸಲಕ್ಕೆ ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ 20 × 15 = 300 ಮಿಲಿಗ್ರಾಂ. ಈಗ ಬಾಟಲಿಯ ಲೇಬಲ್ ಓದಿ. ಒಂದು ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುತ್ತದೆ, ಅದಾದರೆ 12.5 ಎಂಎಲ್ ಬೇಕು. ಇನ್ನೊಂದರಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ. ಅದಾದರೆ 6 ಎಂಎಲ್ ಸಾಕು. ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಹಳೆಯ ಅಳತೆಯಲ್ಲೇ ಹೊಸ ಬಾಟಲಿಯಿಂದ 12.5 ಎಂಎಲ್ ಕೊಟ್ಟರೆ ಮಗುವಿನ ಹೊಟ್ಟೆಗೆ 625 ಮಿಲಿಗ್ರಾಂ ಹೋಗುತ್ತದೆ, ಬೇಕಾದದ್ದರ ದುಪ್ಪಟ್ಟಿಗೂ ಹೆಚ್ಚು. ಕೂಸುಗಳಿಗೆ ಬರುವ ಡ್ರಾಪ್ಸ್ ಇನ್ನೂ ಗಟ್ಟಿ: ಸಾಮಾನ್ಯವಾಗಿ 1 ಎಂಎಲ್‌ಗೇ 100 ಮಿಲಿಗ್ರಾಂ. ಆದ್ದರಿಂದ ಪ್ರತಿ ಸಲವೂ ಲೇಬಲ್ ಓದಿ, ಸಿರಿಂಜಿನಲ್ಲಿ ಅಳೆಯಿರಿ. ಅಡುಗೆಮನೆಯ ಚಮಚ ಬೇಡ. ಮಗು ಗುಂಡಗಿದ್ದರೆ ಅಥವಾ ತೂಕ 40 ಕಿಲೋ ದಾಟಿದ್ದರೆ ಈ ಲೆಕ್ಕ ಬಿಟ್ಟು ಡಾಕ್ಟರನ್ನೇ ಕೇಳಿ.

ಎರಡು ಡೋಸ್ ನಡುವೆ ಆರು ಗಂಟೆ ಬಿಡಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಇನ್ನೊಂದು ಎಚ್ಚರಿಕೆ: ನೆಗಡಿಯ ಸಿರಪ್ಪುಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಲಿವರ್‌ಗೆ ಪೆಟ್ಟು.

ಐಬುಪ್ರೊಫೆನ್ ಕೂಡ ಒಳ್ಳೆಯ ನೋವಿನ ಔಷಧಿಯೇ, ಆದರೆ ಡಾಕ್ಟರ್ ಹೇಳಿದರೆ ಮಾತ್ರ ಕೊಡಿ. ಮಳೆಗಾಲದಲ್ಲಿ ಮೈಕೈ ನೋವಿನ ಜ್ವರ ಬಂದರೆ ಡೆಂಗ್ಯೂ ಅಲ್ಲವೆಂದು ಖಚಿತವಾಗುವ ತನಕ ಅದನ್ನು ಮುಟ್ಟಬೇಡಿ, ರಕ್ತಸ್ರಾವದ ಭಯವಿದೆ. ದೊಡ್ಡವರ ಆಸ್ಪಿರಿನ್ ಮಕ್ಕಳಿಗೆ ಬೇಡ. ಅದರಿಂದ ಮಿದುಳು, ಲಿವರ್ ಎರಡಕ್ಕೂ ಹಾನಿಮಾಡುವ ರೇ ಸಿಂಡ್ರೋಮ್ ಬರಬಹುದು. ನಿಮೆಸುಲೈಡ್ ಅಂತೂ ಹನ್ನೆರಡರೊಳಗಿನವರಿಗೆ ಭಾರತದಲ್ಲಿ 2011ರಿಂದಲೇ ನಿಷಿದ್ಧ. ಯಾರಾದರೂ ಕೊಟ್ಟರೆ ಬೇಡವೆಂದು ವಾಪಸ್ ಕೊಡಿ.

ಹಂತ 7: ಎರಡು ವಾರ ನೋವಿನ ನೋಟ್‌ಬುಕ್ ಬರೆಯಿರಿ

ನೋವು ಹೋಗಿ ಮತ್ತೆ ಬರುತ್ತಿದ್ದರೆ ನಿಜವಾದ ಪತ್ತೆದಾರಿ ಕೆಲಸ ಶುರುವಾಗುವುದು ಇಲ್ಲಿ. ಯಾವ ಸ್ಕ್ಯಾನಿಂಗೂ ಹೇಳದ ಸಂಗತಿಯನ್ನು ನಿಮ್ಮ ನೋಟ್‌ಬುಕ್ ಹೇಳಬಹುದು. ನೋವು ಬಂದಾಗೆಲ್ಲ ಒಂದೆರಡು ಸಾಲು ಬರೆಯಿರಿ. ಹೀಗೆ:

*ಸೋಮವಾರ, ಬೆಳಿಗ್ಗೆ 7:15. ಹೊಕ್ಕುಳ ಸುತ್ತ. ಅಂಕಿ 6. ಇಡ್ಲಿ ಅರ್ಧ ತಿಂದ. ಜ್ವರ ಇಲ್ಲ. ಶುಕ್ರವಾರದಿಂದ ಕಕ್ಕಸಿಗೆ ಹೋಗಿಲ್ಲ. ಬಿಸಿನೀರಿನ ಚೀಲ ಇಟ್ಟೆ. 8:30ಕ್ಕೆ ಅಂಕಿ 2.*

ದೊಡ್ಡ ಹುಡುಗಿಯಾದರೆ ಮುಟ್ಟಿನ ದಿನಗಳನ್ನೂ ಗುರುತು ಹಾಕಿ. ಹದಿಹರೆಯದವರ ನೋಟ್‌ಬುಕ್ ಅವರೇ ಬರೆಯಲಿ. ಒಂದು ತಪ್ಪು ಮಾತ್ರ ಬೇಡ: ಗಂಟೆಗೊಮ್ಮೆ ‘ಈಗ ನೋವಿದೆಯಾ?’ ಎಂದು ಕೇಳುತ್ತಿರಬೇಡಿ. ಕೇಳಿದಷ್ಟೂ ಮಗುವಿನ ಗಮನ ನೋವಿನ ಕಡೆಗೇ ತಿರುಗುತ್ತದೆ. ಮಗು ತಾನಾಗಿ ಹೇಳಿದಾಗ ಬರೆಯಿರಿ.

ಎರಡು ವಾರ ಕಳೆದ ಮೇಲೆ ಕೂತು ಓದಿ. ಮಲವಿಸರ್ಜನೆಯ ಸಾಲುಗಳನ್ನು ಮೊದಲು ನೋಡಿ. ಮಕ್ಕಳ ಹೊಟ್ಟೆನೋವಿಗೆ ಮಲಬದ್ಧತೆ ಬಹಳ ಸಾಮಾನ್ಯ ಕಾರಣ, ಮನೆಯವರ ಕಣ್ಣಿಗೆ ಬೀಳದ ಕಾರಣವೂ ಹೌದು. ನಮ್ಮ ಎಷ್ಟೋ ಶಾಲೆಗಳ ಟಾಯ್ಲೆಟ್ಟಿನಲ್ಲಿ ನೀರಿಲ್ಲ, ಚಿಲಕವಿಲ್ಲ. ಮಗು ಬೆಳಿಗ್ಗೆ ವ್ಯಾನ್ ತಪ್ಪೀತೆಂದು ಓಡುತ್ತದೆ, ಶಾಲೆಯಲ್ಲಿ ತಡೆದುಕೊಳ್ಳುತ್ತದೆ, ನೀರು ಕುಡಿದರೆ ಹೋಗಬೇಕಾಗುತ್ತದೆಂದು ಬಾಟಲಿಯನ್ನೂ ಮುಟ್ಟದೆ ತರುತ್ತದೆ. ಸಂಜೆ ಬ್ಯಾಗ್ ತೆಗೆದು ಬಾಟಲಿ ನೋಡಿ, ಅದೂ ಒಂದು ಟೆಸ್ಟೇ. ಪರಿಹಾರಕ್ಕೆ ಬೆಳಗಿನ ತಿಂಡಿಯ ನಂತರ ಐದರಿಂದ ಹತ್ತು ನಿಮಿಷ ಟಾಯ್ಲೆಟ್ಟಿನಲ್ಲಿ ಕೂರಿಸಿ. ಕಮೋಡ್ ಆದರೆ ಪಾದಕ್ಕೆ ಆಸರೆಯಾಗಿ ಮಣೆ ಇಡಿ. ಸೊಪ್ಪು, ಪಪ್ಪಾಯಿ, ನೀರು ಹೆಚ್ಚಿಸಿ. ಮಲ ಗಟ್ಟಿಯಾಗಿ ಕೂತಿದ್ದರೆ ಇಷ್ಟು ಸಾಲದು, ಡಾಕ್ಟರ್ ಸಿರಪ್ ಅಥವಾ ಪುಡಿ ಬರೆದುಕೊಡುತ್ತಾರೆ. ಅದನ್ನು ಅವರು ಹೇಳಿದಷ್ಟು ದಿನ ಕೊಡಿ, ಎರಡೇ ದಿನಕ್ಕೆ ನಿಲ್ಲಿಸಬೇಡಿ.

ನೋವು ಶಾಲೆಯಿರುವ ದಿನಗಳಲ್ಲೇ ಬಂದು ಭಾನುವಾರ ಮಾಯವಾಗುತ್ತದೆಯೇ? ಬೈಯುವ ಮೊದಲು, ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ. ಹಾಲು ಕುಡಿದ ಮೇಲೆ ಬರುತ್ತದೆಯೇ? ಮಗು ಸೊರಗುತ್ತಿದೆಯೇ? ನೋವು ನಿದ್ದೆಯಿಂದ ಎಬ್ಬಿಸುತ್ತದೆಯೇ? ಉಚ್ಚೆ ಹೊಯ್ಯುವಾಗ ಉರಿಯೇ? ಇವುಗಳಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದು ಡಾಕ್ಟರಿಗೆ ತೋರಿಸಿ. ತಿಂಗಳು ತಿಂಗಳೂ ಮುಟ್ಟಿನ ನೋವಿನಿಂದ ಶಾಲೆ ತಪ್ಪುತ್ತಿದ್ದರೆ ‘ಹೆಣ್ಣುಮಕ್ಕಳಿಗೆ ಇದ್ದದ್ದೇ’ ಎಂದು ಸುಮ್ಮನಾಗಬೇಡಿ. ಅದಕ್ಕೆ ಒಳ್ಳೆಯ ಔಷಧಿ ಇದೆ.

ಹಂತ 8: ಡಾಕ್ಟರ ಮುಂದೆ ಮಗುವನ್ನೇ ಮಾತಾಡಲು ಬಿಡಿ

ನೋಟ್‌ಬುಕ್ ಕೊಡಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಹದಿಹರೆಯದವರಾದರೆ ಡಾಕ್ಟರ್ ನಿಮ್ಮನ್ನು ಹೊರಗೆ ಕೂರಲು ಹೇಳಬಹುದು. ಬೇಸರ ಮಾಡಿಕೊಳ್ಳಬೇಡಿ, ಅಪ್ಪ ಅಮ್ಮನ ಎದುರು ಹೇಳಲಾಗದ ಮಾತು ಆ ಹತ್ತು ನಿಮಿಷದಲ್ಲಿ ಹೊರಬರುತ್ತದೆ.

ಬ್ಲಡ್ ಟೆಸ್ಟ್ ಬರೆದರೆ ‘ಸೂಜಿ ನೋಯೋದೇ ಇಲ್ಲ’ ಎಂದು ಸುಳ್ಳು ಹೇಳಬೇಡಿ. ‘ಒಂದು ಕ್ಷಣ ಚುಚ್ಚುತ್ತೆ, ನಾನು ಹಿಡ್ಕೊಂಡಿರ್ತೀನಿ’ ಎನ್ನಿ. ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯುವುದಕ್ಕಿಂತ ತೊಡೆಯ ಮೇಲೆ ಕೂರಿಸಿ ಅಪ್ಪಿಕೊಳ್ಳುವುದು ಮೇಲು. ಹಾಲು ಕುಡಿಯುವ ಕೂಸಿಗೆ ಮೊಲೆಹಾಲು ಕುಡಿಸುತ್ತಲೇ ಸೂಜಿ ಹಾಕಿಸಬಹುದು. ನೋವು ನಿಜಕ್ಕೂ ಕಡಿಮೆಯಾಗುತ್ತದೆ.

ಎಲ್ಲ ರಿಪೋರ್ಟೂ ನಾರ್ಮಲ್ ಬಂದರೆ? ಹೆಚ್ಚಿನ ಅಪ್ಪ ಅಮ್ಮಂದಿರು ಇಲ್ಲೇ ದಾರಿ ತಪ್ಪುತ್ತಾರೆ. ಒಬ್ಬರು ‘ಏನೂ ಇಲ್ಲವಂತೆ, ನಡಿ ಸ್ಕೂಲಿಗೆ’ ಎಂದು ಗದರುತ್ತಾರೆ. ಇನ್ನೊಬ್ಬರು ಮೂರನೆಯ ಸ್ಕ್ಯಾನಿಂಗಿಗೆ ಬೇರೆ ಆಸ್ಪತ್ರೆ ಹುಡುಕುತ್ತಾರೆ. ಎರಡೂ ಬೇಡ. ಕರುಳಿಗೂ ಮಿದುಳಿಗೂ ನಡುವೆ ನರಗಳ ದಾರಿ ಇದೆ. ಆ ನರಗಳು ಅತಿ ಸೂಕ್ಷ್ಮವಾದಾಗ ಸಾಮಾನ್ಯ ಗಾಳಿ, ಹಸಿವು, ಆತಂಕವೂ ನೋವಾಗಿಯೇ ತಲುಪುತ್ತದೆ. ಡಾಕ್ಟರುಗಳು ಇದನ್ನು ‘ಫಂಕ್ಷನಲ್’ ಹೊಟ್ಟೆನೋವು ಎನ್ನುತ್ತಾರೆ. ಇದೂ ಒಂದು ಡಯಾಗ್ನೋಸಿಸ್, ಇದಕ್ಕೂ ಚಿಕಿತ್ಸೆ ಇದೆ. ಮಗುವಿಗೆ ಹೀಗೆ ಹೇಳಿ: ‘ನಿನ್ನ ನೋವು ನಿಜ. ಆದ್ರೆ ಒಳಗೆ ಏನೂ ಹಾಳಾಗಿಲ್ಲ. ಅದನ್ನ ಕಡಿಮೆ ಮಾಡೋದನ್ನ ಇಬ್ಬರೂ ಕಲಿಯೋಣ.’

ಹಂತ 9: ನೋವು ಪೂರ್ತಿ ಹೋಗುವ ತನಕ ಕಾಯದೆ ದಿನಚರಿ ಶುರುಮಾಡಿ

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇಂಥ ನೋವಿರುವ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಔಷಧಿಯ ಜೊತೆಗೆ ದೈಹಿಕ ಚಟುವಟಿಕೆ, ಮನೋಚಿಕಿತ್ಸೆ ಎರಡಕ್ಕೂ ಜಾಗ ಕೊಟ್ಟಿದ್ದಾರೆ. ಕೌನ್ಸೆಲರ್ ಹತ್ತಿರ ಕಳಿಸಿದರೆ ಮಗುವಿಗೆ ಹುಚ್ಚು ಎಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಊರಿನಿಂದ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಉಚಿತ.

ಶಾಲೆ ತಪ್ಪಿ ಬಹಳ ದಿನವಾಗಿದ್ದರೆ ಮೊದಲ ವಾರ ಅರ್ಧ ದಿನ ಕಳಿಸಿ. ಕ್ಲಾಸ್ ಟೀಚರನ್ನು ಭೇಟಿಮಾಡಿ ಎರಡು ಅನುಮತಿ ಕೇಳಿ: ಕೇಳದೆಯೇ ಟಾಯ್ಲೆಟ್ಟಿಗೆ ಹೋಗಲು, ನೋವು ಬಂದರೆ ಹತ್ತು ನಿಮಿಷ ಬೇರೆಡೆ ಕೂತು ವಾಪಸ್ ಬರಲು. ನೋವೆಂದ ತಕ್ಷಣ ಮನೆಗೆ ಕಳಿಸಬೇಡಿ ಎಂದೂ ಹೇಳಿ. ನಿದ್ದೆಗೆ ಹೊತ್ತು ಗೊತ್ತುಮಾಡಿ. ಸಂಜೆ ಅರ್ಧ ಗಂಟೆ ಸೈಕಲ್ಲೋ ಕುಂಟೆಬಿಲ್ಲೆಯೋ, ಮಗುವಿಗೆ ಇಷ್ಟವಾದದ್ದು ಆಡಲಿ. ಮನೆಯಲ್ಲಿ ಉಳಿದ ದಿನ ಟಿವಿ, ಮೊಬೈಲ್, ತಿಂಡಿಯ ಸಂಭ್ರಮ ಬೇಡ. ಶಾಲೆಗೆ ಹೋಗಿ ಬಂದ ದಿನ ಸಂಭ್ರಮ ಇರಲಿ.

ನೋಟ್‌ಬುಕ್ಕನ್ನು ಈಗ ವಾರಕ್ಕೊಮ್ಮೆ ಬರೆದರೆ ಸಾಕು, ಆದರೆ ತಿಂಗಳಿಗೊಮ್ಮೆ ತೂಕ ನೋಡುವುದನ್ನು ಬಿಡಬೇಡಿ. ತೂಕ ಇಳಿದರೆ, ನೋವಿನ ಜಾಗ ಬದಲಾದರೆ, ಎರಡನೇ ಹಂತದ ಯಾವುದೇ ಗುರುತು ಹೊಸದಾಗಿ ಕಂಡರೆ ‘ಅದೇ ಹಳೇ ನೋವು’ ಎಂದುಕೊಳ್ಳದೆ ಅವತ್ತೇ ಡಾಕ್ಟರಿಗೆ ತೋರಿಸಿ.